ಪಕ್ಕದ ಕೈ

"ಇನ್ನೊಂದು ಸಲ. ನಿಧಾನಕ್ಕೆ ಹಾಕಿ," ಎಂದಳು ಇನ್ಸ್‌ಪೆಕ್ಟರಮ್ಮ. "ನಾನು ಕಳ್ಳರ ಕೈ ನೋಡಿದವಳು, ನೇಕಾರರ ಕೈ ನೋಡಿದವಳಲ್ಲ."

ಮಗ್ಗದ ಎಡತುದಿಯಲ್ಲಿ ಕೂತಿದ್ದ ಅತ್ತಿಗೆ ತಲೆಯೆತ್ತಲಿಲ್ಲ. ಅಂಚಿನ ಪುಟ್ಟ ಲಾಳಿಯನ್ನು ಎಳೆಗಳ ನಡುವೆ ತೂರಿಸಿದಳು. ಒಡಲಿನ ಹಸಿರು ನೂಲಿಗೆ ಅಂಚಿನ ಕೆಂಪು ನೂಲನ್ನು ಒಳಗಿನಿಂದ ಹೊರಕ್ಕೆ ಒಂದು ಸುತ್ತು ಸುತ್ತಿ ಹಿಂದಕ್ಕೆಳೆದಳು. ಎರಡು ಬಣ್ಣಗಳೂ ಒಂದರ ಕೊರಳನ್ನು ಇನ್ನೊಂದು ಹಿಡಿದುಕೊಂಡಂತೆ ಕೂಡಿಕೊಂಡವು.

"ಕಾಲು ಒತ್ತೋ," ಎಂದಳು ಅತ್ತಿಗೆ, ನಡುವೆ ಕೂತವನಿಗೆ.

ನಡುವೆ, ಗುಂಡಿಯಲ್ಲಿ ಕಾಲಿಳಿಸಿ ಬೆವರುತ್ತ ಕೂತಿದ್ದವನು ನಕ್ಷೆ ಬರೆಯುವವನು. ಹಳೇ ಸೀರೆಗಳನ್ನು ನೋಡಿ ಅವುಗಳ ಹೂವು, ಹಕ್ಕಿ, ಬಳ್ಳಿಗಳನ್ನು ಚೌಕುಳಿ ಕಾಗದಕ್ಕೆ ಇಳಿಸುವುದು ಅವನ ಕೆಲಸ. ದಿನವಿಡೀ ಗೆರೆ ಎಳೆಯುತ್ತ ಕೂರುವುದರಿಂದ ಶೆಡ್ಡಿನಲ್ಲಿ ಎಲ್ಲರಿಗೂ ಅವನು ಗೀಟು.

"ಯಾವ ಕಾಲು ಅತ್ತಿಗೆ?"

"ಇರೋದೇ ಎರಡು. ಒಂದು ಒತ್ತಿ ಆಯ್ತಲ್ಲ, ಇನ್ನೊಂದು ಒತ್ತು."

ಗೀಟು ಎರಡನ್ನೂ ಒಟ್ಟಿಗೆ ಒತ್ತಿದ. ಮಗ್ಗ ನರಳಿತು. ಅತ್ತಿಗೆ ಲಾಳಿಯನ್ನು ಕೆಳಗಿಟ್ಟಳು. "ಕಾಗದದ ಮೇಲೆ ಕುದುರೆ ಓಡಿಸೋದು ಬೇರೆ ಕಣೋ, ಏಳು ಮೇಲೆ."

ಬೇರೆ ದಿನವಾಗಿದ್ದರೆ ನಾಲ್ಕು ಜನ ನಗುತ್ತಿದ್ದರು. ಆ ದಿನ ಉಳಿದ ಮಗ್ಗಗಳು ನಿಂತಿದ್ದವು. ಗುಂಡಿಯಲ್ಲಿ ಕೂರಬೇಕಾದವನು ಲಾಕಪ್ಪಿನಲ್ಲಿದ್ದ. ದೊಡ್ಡಮನೆಯವರು ಮಾದರಿಗೆಂದು ಕೊಟ್ಟ ಹಳೇ ರೇಷ್ಮೆ ಸೀರೆಯನ್ನು ಲಪಟಾಯಿಸಿ, ಅದರ ಜಾಗದಲ್ಲಿ ನಕಲಿ ಇಟ್ಟ ಎಂಬುದು ಅವನ ಮೇಲಿನ ದೂರು. ಮಧ್ಯಾಹ್ನದ ಮೇಲೆ ಅವನನ್ನು ಕೋರ್ಟಿಗೆ ಹಾಜರುಪಡಿಸುತ್ತಾರೆ. ಅಲ್ಲಿಂದ ಮುಂದೆ ಜೈಲು. ಅಷ್ಟರೊಳಗೆ ಏನಾದರೂ ಸಿಗಬೇಕು ಎಂದು ಅವನ ಹೆಂಡತಿ, ಅಂದರೆ ಈ ಅತ್ತಿಗೆ, ಇನ್ಸ್‌ಪೆಕ್ಟರಮ್ಮನ ಮನೆ ಬಾಗಿಲು ತಟ್ಟಿದ್ದಳು.

ಇನ್ಸ್‌ಪೆಕ್ಟರಮ್ಮ ಕೆಲಸ ಬಿಟ್ಟು ಬಹಳ ಕಾಲವಾಗಿರಲಿಲ್ಲ. ಬಿರುದು ಮಾತ್ರ ಬಿಟ್ಟಿರಲಿಲ್ಲ. ಬೆಳಿಗ್ಗೆಯೇ ಠಾಣೆಗೆ ಹೋಗಿ, ಹಳೇ ಪರಿಚಯದ ರೈಟರ್‌ನ ಮರ್ಜಿ ಹಿಡಿದು, ಪೆಟ್ಟಿಗೆಯಲ್ಲಿದ್ದ ಸೀರೆಯನ್ನು ಮುಟ್ಟಿ ನೋಡಿ ಫೋಟೋ ತೆಗೆದುಕೊಂಡು ಬಂದಿದ್ದಳು. ನೇಕಾರನನ್ನೂ ಮಾತಾಡಿಸಿದ್ದಳು. ಅವನು ಗೋಡೆಗೆ ಒರಗಿ ಕೂತು ಹೇಳಿದ್ದು ಇಷ್ಟೇ: "ಆ ಸೀರೆ ನೇಯ್ದವನು ನಾನೇ. ಒಬ್ಬನೇ ನೇಯ್ದೆ. ಮುಂದಕ್ಕೆ ಕೇಳಬೇಡಿ."

ಪೊಲೀಸರಿಗೆ ಅಷ್ಟು ಸಾಕಾಗಿತ್ತು. ಅವಳಿಗೆ ಸಾಕಾಗಿರಲಿಲ್ಲ.

"ಇಂಥ ಸೀರೆ, ಒಡಲಿಗೆ ಒಂದು ಬಣ್ಣ ಅಂಚಿಗೆ ಒಂದು ಬಣ್ಣ, ಒಬ್ಬರೇ ಕೂತು ನೇಯಬಹುದಾ?" ಎಂದು ಕೇಳಿದಳು.

"ಎರಡು ಕೈಯಲ್ಲಿ ಮೂರು ಲಾಳಿ ಆಡಿಸೋಕೆ ಅವರೇನು ಅವತಾರಪುರುಷರಾ? ಬಲಗಡೆ ಅಂಚು ಅವರು ನೋಡ್ಕೋತಾರೆ. ಎಡಗಡೆಗೆ ಪಕ್ಕದ ಕೈ ಬೇಕೇ ಬೇಕು."

"ನಿಮ್ಮ ಯಜಮಾನರಿಗೆ ಪಕ್ಕದ ಕೈ ಯಾರು?"

"ನಾನೇ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬೇರೆ ಯಾರೂ..."

ಅತ್ತಿಗೆ ಅಲ್ಲಿಗೆ ನಿಲ್ಲಿಸಿದಳು. ತಾನು ಹೇಳಿದ್ದು ಏನೆಂದು ಅವಳಿಗೆ ಆಗ ಹೊಳೆದಂತಿತ್ತು. ಮಡಿಲಲ್ಲಿದ್ದ ಕಂಡಿಕೆ ಉರುಳಿ, ಸುತ್ತಿದ್ದ ಕೆಂಪು ನೂಲು ಬಿಚ್ಚಿಕೊಳ್ಳುತ್ತ ಗುಂಡಿಗೆ ಬಿತ್ತು. ಅವಳು ಎತ್ತಿಕೊಳ್ಳಲಿಲ್ಲ.

"ಅಂದ್ರೆ ನಾಳೆ ನನ್ನನ್ನೂ ಎಳ್ಕೊಂಡು ಹೋಗ್ತಾರೆ."

"ಇಬ್ಬರು ಬೇಕು ಅಂತ ಗೊತ್ತಾದರೆ ನಾಳೆವರೆಗೂ ಕಾಯಲ್ಲ. ಈ ಫೋಟೋ ನೋಡಿ. ಇದು ಆ ಸೀರೆಯ ಎಡ ಅಂಚು."

ಅತ್ತಿಗೆ ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಆಮೇಲೆ ಸೀರೆಯ ಬಲ ಅಂಚಿನ ಫೋಟೋ ಕೇಳಿ ತೆಗೆಸಿ ನೋಡಿದಳು.

"ಬಲಗಡೇದು ಅವರದೇ ಕೈ. ಕಣ್ಣು ಕಟ್ಟಿ ಮುಟ್ಟಿಸಿದರೂ ಹೇಳ್ತೀನಿ. ಎಡಗಡೇದು ನಂದಲ್ಲ."

"ನಿಮ್ಮದಲ್ಲ ಅಂತ ಯಾವ ಕೋರ್ಟಲ್ಲಿ ಹೇಳೋದು?"

"ಕೋರ್ಟಿಗೆ ಬೇಡ, ನಿಮ್ಮ ಕಣ್ಣಿಗೇ ಹೇಳ್ತೀನಿ. ಈಗ ಹಾಕಿದ್ದು ನೋಡಿ. ಎಳೆ ಒಳಗಿಂದ ಹೊರಕ್ಕೆ ಸುತ್ತಿದೆ. ಈ ಸಣ್ಣ ಗುಬುಟುಗಳು ಮೇಲಕ್ಕೆ ವಾಲಿವೆ. ಫೋಟೋದಲ್ಲಿ ಹೊರಗಿಂದ ಒಳಕ್ಕೆ. ಎಲ್ಲಾ ಕೆಳಕ್ಕೆ ವಾಲಿವೆ. ಉಲ್ಟಾ ಕೈ. ಹೀಗೆ ಹಾಕೋರನ್ನ ನಾನು ನೋಡೇ ಇಲ್ಲ."

ಗೀಟು ನಡುವೆ ತಲೆ ಹಾಕಿದ. "ನಕ್ಷೆ ತೆಗೆಯೋವಾಗ ನಂಗೂ ಕಾಣಿಸಿತ್ತು. ಹಳೇ ಕಾಲದವರು ಹಂಗೇ ಹಾಕ್ತಿದ್ದರೇನೋ ಅಂದ್ಕೊಂಡೆ."

ಇನ್ಸ್‌ಪೆಕ್ಟರಮ್ಮ ಅವನತ್ತ ತಿರುಗಿದಳು. "ನಕ್ಷೆ ತೆಗೆದದ್ದು ಯಾವಾಗ?"

"ಸೀರೆ ಬಂದ ವಾರದಲ್ಲೇ."

"ಆಗಲೇ ಈ ಉಲ್ಟಾ ಗಂಟು ಇತ್ತು?"

"ಇತ್ತು. ಯಾಕೆ?"

ಠಾಣೆಯಲ್ಲಿ ಸೀರೆ ಬಿಚ್ಚಿದಾಗ ಕೈಗೆ ತಾಗಿದ್ದು ಇನ್ಸ್‌ಪೆಕ್ಟರಮ್ಮನಿಗೆ ಈಗ ಮತ್ತೆ ನೆನಪಾಯಿತು. ಮಡಿಕೆ ಮಡಿಕೆಯಲ್ಲೂ ರೇಷ್ಮೆ ಸೀಳಿತ್ತು. ಒಂದೇ ಮಡಿಕೆಯಲ್ಲಿ ವರ್ಷಾನುಗಟ್ಟಲೆ ಪೆಟ್ಟಿಗೆಯ ತಳದಲ್ಲಿ ಬಿದ್ದ ಬಟ್ಟೆ ಮಾತ್ರ ಹಾಗೆ ಸೀಳುತ್ತದೆ. ಹೊಸ ಸೀರೆಯನ್ನು ಚಹಾದಲ್ಲಿ ಅದ್ದಿ ಹಳತು ಮಾಡಬಹುದು, ಮಡಿಕೆಯನ್ನು ಮುದಿ ಮಾಡುವುದು ಕಷ್ಟ. ದೂರು ಕೊಟ್ಟ ದೊಡ್ಡಮನೆಯ ಮೊಮ್ಮಗ, ಸೀರೆ ವಾಪಸ್ಸು ಬಂದ ಮೇಲೆ, ಚಿನಿವಾರನನ್ನು ಕರೆತಂದು ಜರಿ ಉಜ್ಜಿಸಿದ್ದ. ಬೆಳ್ಳಿಯ ಕೆಳಗೆ ತಾಮ್ರ ಕಂಡಿತು. ತಾಮ್ರ ಕಂಡ ಮೇಲೆ ಬಟ್ಟೆಯನ್ನು ಯಾರೂ ನೋಡಲಿಲ್ಲ.

ಸೀರೆ ನಕಲಿ ನಿಜ. ಆದರೆ ಹಳೇ ನಕಲಿ. ಈ ಶೆಡ್ಡಿಗೆ ಬರುವಾಗಲೇ ನಕಲಿ. ಅದನ್ನು ನೇಯ್ದವನು ತಾನೇ ಎಂದು ನೇಕಾರ ಹೇಳಿದ್ದೂ ನಿಜ. ಒಬ್ಬನೇ ನೇಯ್ದೆ ಎಂದದ್ದು ಮಾತ್ರ ಸುಳ್ಳು. ಕದಿಯದ ಸೀರೆಗಾಗಿ ಜೈಲಿಗೆ ಹೋಗಲು ಸಿದ್ಧನಾದವನು ಯಾರನ್ನೋ ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಾನೆ.

"ನಿಮ್ಮ ಮದುವೆಗೆ ಮುಂಚೆ ಇಲ್ಲಿ ಪಕ್ಕಕ್ಕೆ ಕೂರ್ತಿದ್ದವರು ಯಾರು?"

"ನಮ್ಮತ್ತೆ ಅಂತ ಕೇಳಿದ್ದೆ. ಅವರು ಹೋಗಿ ಕಾಲವಾಯ್ತು."

"ನಿಮ್ಮತ್ತೆ ಉಲ್ಟಾ ಹಾಕ್ತಿದ್ದರಾ?"

"ಪಕ್ಕದ ಕೈ ಕೆಲಸ ನಂಗೆ ಕಲಿಸಿದ್ದೇ ಅವರು. ನನ್ನ ಕೈ ಅವರ ಕೈಯೇ."

ಬಾಗಿಲಲ್ಲಿ ನೆರಳು ಬಿತ್ತು. ಯಜಮಾನಿ ಬಂದಿದ್ದಳು. ನೇಕಾರನ ತಂಗಿ, ಅಪ್ಪ ಬಿಟ್ಟುಹೋದ ಶೆಡ್ಡು ಅಣ್ಣ ತಂಗಿ ಇಬ್ಬರದೂ. ಮಗ್ಗ ಅವನದು, ವ್ಯವಹಾರ ಇವಳದು. ಎಲ್ಲೆಲ್ಲಿಂದಲೋ ಹಳೇ ಸೀರೆಗಳನ್ನು ಹುಡುಕಿ ತರಿಸಿ, ಅವನ್ನು ಮತ್ತೆ ನೇಯಿಸಿ, ಹೆಸರು ಮಾಡಿದವಳು. ಬಗಲಲ್ಲಿ ಬಟ್ಟೆಯ ಥಾನು. ಅದನ್ನು ಎಡಗೈಯಿಂದಲೇ ಎತ್ತಿ ಮೇಲಿನ ಹಲಗೆಗೆ ಸೇರಿಸಿದಳು.

"ವಕೀಲರ ಹತ್ರ ಹೋಗಿದ್ದೆ. ಇವತ್ತಲ್ಲದಿದ್ದರೆ ಸೋಮವಾರ ಜಾಮೀನು ಆಗುತ್ತಂತೆ," ಎಂದಳು.

"ಸೋಮವಾರದವರೆಗೂ ನಿಮ್ಮಣ್ಣ ಅಲ್ಲಿ ಕೂತಿರಲಿ. ಸುಣ್ಣ ಬಳಿದ ಗೋಡೆ, ಗಾಳಿ ಬೆಳಕು, ಬಿಟ್ಟಿ ಊಟ," ಎಂದಳು ಅತ್ತಿಗೆ.

"ನಂಗೆ ಹೊಟ್ಟೆ ಉರಿಯಲ್ವಾ ಅತ್ತಿಗೆ? ನೀನು ಮಾತು ಮಾತಿಗೂ ಹೀಗೆ ಚುಚ್ಚಿದರೆ ನಾನು ಎಲ್ಲಿಗೆ ಹೋಗಲಿ?"

"ಠಾಣೆಗೆ ಹೋಗು. ಒಂದು ಸಲವಾದರೂ ಹೋಗಿದ್ದೀಯಾ?"

ಇನ್ಸ್‌ಪೆಕ್ಟರಮ್ಮ ಮಾತು ತಿರುಗಿಸಿದಳು.

"ಪಕ್ಕದ ಕೈ ಅಂದರೆ ಏನು ಅಂತ ನೋಡ್ತಾ ಇದ್ದೆ. ನೀವೂ ಒಂದೆರಡು ಎಳೆ ಹಾಕಿ ತೋರಿಸ್ತೀರಾ?"

"ನಂಗೆ ಬರಲ್ಲ. ಚಿಕ್ಕವಳಿದ್ದಾಗ ಎಡಗೈ ಮುರೀತು. ಆಮೇಲೆ ಮಗ್ಗ ಮುಟ್ಟಿಲ್ಲ."

"ಹೌದು ಪಾಪ, ನಾನು ಬಂದಾಗಿಂದ ಇದೇ ಕಥೆ," ಎಂದಳು ಅತ್ತಿಗೆ. ಅದು ಮರುಕವೋ ಕುಹಕವೋ ತಿಳಿಯುವಂತಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಒಮ್ಮೆ ಹಲಗೆಯ ಮೇಲಿನ ಥಾನಿನತ್ತ ನೋಡಿದಳು. ಒತ್ತಾಯ ಮಾಡಲಿಲ್ಲ. ಕುರಿ ತಾನಾಗಿ ಹಳ್ಳಕ್ಕೆ ಇಳಿಯಬೇಕು, ದೂಡಿದರೆ ಬೆದರುತ್ತದೆ.

"ಹಾಗಾದರೆ ನಾನೇ ಕಲೀತೀನಿ. ನೀವು ನಡುವೆ ಕೂತ್ಕೊಳ್ಳಿ," ಎಂದು ಅತ್ತಿಗೆಗೆ ಹೇಳಿ, ನೋಯುವ ಮಂಡಿಯನ್ನು ಮಡಚಿ ತಾನು ಎಡತುದಿಗೆ ಕೂತಳು.

"ಬೇಡ ಮೇಡಂ," ಎಂದಳು ಯಜಮಾನಿ. "ಮುಗಿದ ಸೀರೆ ಕತ್ತರಿಸಿ ತೆಗೆದಿದ್ದರೂ ಮಗ್ಗಕ್ಕೆ ಬಿಗಿದ ಅದೇ ಹಾಸಿನ ಎಳೆಗಳಲ್ಲಿ ಇನ್ನೊಂದು ಸೀರೆ ಇದೆ. ಎಳೆ ಹೋದರೆ ಕಷ್ಟ."

"ಹೋಗಲ್ಲ. ನಾನು ಹೊಲಿಗೆ ಹಾಕ್ತೀನಿ, ಗುಂಡಿ ಹಚ್ತೀನಿ. ಇದೇನು ಮಹಾ?"

ಇದು ಮಹಾ ಎಂದು ಮೊದಲನೇ ಎಳೆಯಲ್ಲೇ ಗೊತ್ತಾಯಿತು. ಅಂಚಿನ ಲಾಳಿ ಹೋಗಬೇಕಾದ ಬಿರುಕಿಗೆ ಹೋಗದೆ ಎಳೆಗಳ ಕೆಳಗೆ ನುಸುಳಿತು. ಎರಡನೇ ಸಲ ನೂಲು ಸಡಿಲವಾಗಿ ಕುಣಿಕೆಯಂತೆ ಎದ್ದು ನಿಂತಿತು. ಮೂರನೇ ಸಲ ಜಗ್ಗಿ ಎಳೆದದ್ದಕ್ಕೆ ಹಾಸಿನ ಒಂದೆಳೆ ಟಪ್ಪನೆ ಕಿತ್ತಿತು. ಗೀಟು ನಾಲಿಗೆ ಕಚ್ಚಿಕೊಂಡ. ಯಜಮಾನಿಯ ಬೆರಳುಗಳು ಸೆರಗಿನ ತುದಿಯನ್ನು ತಿರುಚುತ್ತಿದ್ದವು. ಇನ್ಸ್‌ಪೆಕ್ಟರಮ್ಮ ಏನೂ ಆಗಿಲ್ಲವೆಂಬಂತೆ ನಾಲ್ಕನೇ ಸಲ ಲಾಳಿ ಎತ್ತಿದಳು.

"ಬಿಡಿ! ಬಿಡಿ ಇಲ್ಲಿ!"

ಯಜಮಾನಿ ಅವಳನ್ನು ಸರಿಸಿ ಕೂತೇಬಿಟ್ಟಳು. ಕಿತ್ತ ಎಳೆಗೆ ತುಂಡು ನೂಲು ಸೇರಿಸಿ, ಎರಡು ಬೆರಳಲ್ಲಿ ಹೊಸೆದು ಗಂಟಿಕ್ಕಿದಳು. ಸಡಿಲ ನೂಲನ್ನು ಹಿಂದಕ್ಕೆಳೆದು ಸರಿಮಾಡಿದಳು. "ಒತ್ತು ಅತ್ತಿಗೆ," ಎಂದಳು. ಅತ್ತಿಗೆ ಒತ್ತಿದಳು. ಲಾಳಿ ಹೋಯಿತು, ಬಂತು. "ಒತ್ತು." ಹೋಯಿತು, ಬಂತು. ಮಗ್ಗದ ಸದ್ದಿಗೆ ಒಂದು ಲಯ ಸಿಕ್ಕಿತು. ಯಜಮಾನಿಯ ಮುಖದಲ್ಲಿ ಬಿಗಿ ಸಡಿಲವಾಗಿ, ಹಲವು ವರ್ಷ ಚಿಕ್ಕವಳಾದಂತೆ ಕಂಡಳು.

ಮೊದಲು ನಿಂತದ್ದು ಅತ್ತಿಗೆಯ ಕಾಲು.

ಅವಳು ಬಗ್ಗಿ ಎಡ ಅಂಚನ್ನು ನೋಡಿದಳು. ಇನ್ಸ್‌ಪೆಕ್ಟರಮ್ಮ ನೋಡಲೂ ಹೋಗಲಿಲ್ಲ. ಯಜಮಾನಿಯ ಕೈ ತಿರುಗುವುದನ್ನೇ ನೋಡುತ್ತಿದ್ದವಳಿಗೆ ಎಳೆ ಹೊರಗಿನಿಂದ ಒಳಕ್ಕೆ ಬರುತ್ತಿದ್ದುದು ಕಂಡಿತ್ತು.

"ಕೈ ಮುರಿದದ್ದು ಯಾವಾಗ ಸರಿಹೋಯ್ತು?" ಎಂದು ಕೇಳಿದಳು.

ಯಜಮಾನಿ ಲಾಳಿಯನ್ನು ನೋಡಿದಳು. ಅದು ತನ್ನ ಕೈಗೆ ಹೇಗೆ ಬಂತೆಂದು ತಿಳಿಯದವಳಂತೆ ಅದನ್ನು ಮಗ್ಗದ ಮೇಲೆ ಇಟ್ಟಳು.

"ಅಮ್ಮ ನೇಯೋವಾಗ ನಾನು ಹಾಸಿನ ಆ ಕಡೆ, ಎದುರಿಗೆ ಕೂತು ನೋಡ್ತಿದ್ದೆ," ಎಂದಳು ಕೊನೆಗೆ. "ನೋಡಿ ನೋಡಿ ಕೈಗೆ ಬಂತು. ಕನ್ನಡಿಯಲ್ಲಿ ತಲೆ ಬಾಚೋದು ಕಲಿತ ಹಾಗೆ. ಅಮ್ಮ ಬೈದು ಬೈದು ಸಾಕಾಗಿ ಬಿಟ್ಟಳು. ಗಟ್ಟಿಯಾಗಿ ಕೂತರೆ ಸರಿ, ಯಾವ ಕಡೆಯಿಂದ ಸುತ್ತಿದರೇನು ಅಂದಳು."

"ಅಂದ್ರೆ ನಿನ್ನಣ್ಣ ಅಲ್ಲಿ ಬಾಯಿಗೆ ಬೀಗ ಹಾಕ್ಕೊಂಡು ಕೂತಿರೋದು ನಿನಗೋಸ್ಕರ," ಎಂದಳು ಅತ್ತಿಗೆ. ಧ್ವನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನಾನು ಇಲ್ಲಿ ಬೀದಿ ಬೀದಿ ಅಲೀತಿದ್ದೀನಿ, ನೀನು ವಕೀಲರ ಮನೆ ಸೋಫಾ ಸವೆಸ್ತಿದ್ದೀಯ. ಒಂದು ಮಾತು ನಂಗೆ ಹೇಳೋಕಾಗಲಿಲ್ವಾ?"

"ಹೇಳಿದ್ದರೆ ನೀನು ಠಾಣೆಗೆ ಓಡ್ತಿದ್ದೆ."

"ಓಡಬಾರದಾ?"

"ಓಡಿದ ಮೇಲೆ ಮುಂದಿನ ಪ್ರಶ್ನೆ ಬರುತ್ತೆ ಅತ್ತಿಗೆ. ಆ ಸೀರೆ ನೇಯಿಸಿದ್ದು ಯಾರು, ಯಾಕೆ ಅಂತ."

ಇನ್ಸ್‌ಪೆಕ್ಟರಮ್ಮ ಗೀಟುವಿಗೆ ಕಣ್ಣಿನಲ್ಲೇ ಬಾಗಿಲು ತೋರಿಸಿದಳು. ಅವನು ಕಾಣದವನಂತೆ ನಿಂತ. "ಗೀಟು, ಹೋಗಿ ಚಹಾ ಹೇಳಿ ಬಾ," ಎಂದ ಮೇಲೆ ಹೊಸ್ತಿಲು ದಾಟಿದ.

"ಯಾರು ನೇಯಿಸಿದ್ದು?"

"ದೊಡ್ಡಮನೆ ಅಜ್ಜಿ. ಆಗ ಅಜ್ಜಿ ಆಗಿರಲಿಲ್ಲ. ಅವಳೇ ಖುದ್ದಾಗಿ ಬಂದಳು. ಹಿರೀ ಸೊಸೆ ಮದುವೆ ಸೀರೆ ಥರಾನೇ ಒಂದು ಬೇಕು, ಬೇಗ ಬೇಕು, ಯಾರಿಗೂ ಹೇಳಬೇಡಿ ಅಂದಳು. ಆಗ ನಂಗೆ ಹದಿನಾರು. ಅಮ್ಮ ಜ್ವರ ಬಂದು ಮಲಗಿಬಿಟ್ಟಿದ್ದಳು, ಅದಕ್ಕೇ ನಾನು ಕೂತೆ. ಹಗಲೆಲ್ಲ ಬಾಗಿಲು ಮುಚ್ಚಿ ನೇಯ್ದೆವು. ಬೆಳ್ಳಿ ಜರಿ ತರಿಸೋಕೆ ಹೊತ್ತಿಲ್ಲ, ಇದ್ದ ಜರಿ ಹಾಕಿ ಅಂದಳು."

"ಮಾದರಿಗೆ ಮೂಲ ಸೀರೆ ಕೊಟ್ಟಳಾ?"

"ಇಲ್ಲ. ಒಂದು ರವಿಕೆ ಕೊಟ್ಟಳು. ಆ ಸೀರೆಯ ಜೊತೇಲಿ ಬಂದಿದ್ದ ತುಂಡಲ್ಲಿ ಹೊಲಿಸಿದ್ದು. ಒಡಲು, ಅಂಚು ಅದರಲ್ಲಿ ಸಿಕ್ಕಿತು. ಸೆರಗಿಗೆ ಮದುವೆ ಫೋಟೋ. ಕಪ್ಪು ಬಿಳುಪು. ಅಪ್ಪ ಬಣ್ಣ ಕೇಳಿದರೆ ಅವಳು ಬಾಯಲ್ಲಿ ಹೇಳಿದಳು. ಸೀರೆಯನ್ನೇ ಕೊಡಿ ತಾಯಿ, ಎರಡು ದಿನ ಇಟ್ಕೊಂಡು ಕೊಡ್ತೀವಿ ಅಂತ ಅಪ್ಪ ಅಂದ. ಆಗ ಅವಳು ಅಪ್ಪನ ಮುಖ ನೋಡಿದಳು ನೋಡಿ... ಅಪ್ಪ ಮತ್ತೆ ಕೇಳಲಿಲ್ಲ."

ಅತ್ತಿಗೆ ಮೆಲ್ಲಗೆ ಗುಂಡಿಯಿಂದ ಕಾಲು ಮೇಲೆತ್ತಿ ಕೂತಳು. "ದೊಡ್ಡಮನೆ ಹಿರೀ ಸೊಸೆ ಓಡಿಹೋದಳಲ್ವಾ? ನಾನು ಈ ಊರಿಗೆ ಬಂದಾಗಲೂ ಆ ಮಾತು ತಣ್ಣಗಾಗಿರಲಿಲ್ಲ."

"ಓಡಿಹೋದಳು ಅಂತ ಸುದ್ದಿ ಎದ್ದಿದ್ದು ನಾವು ಸೀರೆ ಕೊಟ್ಟು ಎಂಟು ದಿನ ಆದ ಮೇಲೆ. ಅವಳ ತೌರಿನವರು ಪೊಲೀಸರನ್ನ ಕರ್ಕೊಂಡು ಬಂದರು. ದೊಡ್ಡಮನೆಯವರು ಪೆಟ್ಟಿಗೆ ತೆಗೆದು ತೋರಿಸಿದರು. ನೋಡಿ, ಒಡವೆ ಇಲ್ಲೇ ಇದೆ, ಮದುವೆ ಸೀರೆಯೂ ಇಲ್ಲೇ ಇದೆ, ಉಟ್ಟ ಬಟ್ಟೆಯಲ್ಲಿ ಯಾರ ಜೊತೆಗೋ ಹೋದಳು ಅಂದರು. ತೌರಿನವರು ತಲೆ ತಗ್ಗಿಸಿಕೊಂಡು ವಾಪಸ್ಸು ಹೋದರು."

ಮದುವೆ ಸೀರೆ ಪೆಟ್ಟಿಗೆಯಲ್ಲೇ ಇದೆಯೆಂದು ತೋರಿಸಬೇಕಾದ ಅಗತ್ಯ ಯಾರಿಗೆ ಬೀಳುತ್ತದೆ? ಅದು ಪೆಟ್ಟಿಗೆಯಲ್ಲಿ ಇಲ್ಲದವರಿಗೆ.

"ಅವಳು ಮಾಯವಾದ ದಿನ ಮೂಲ ಸೀರೆ ಅವಳ ಮೈಮೇಲಿತ್ತು," ಎಂದಳು ಇನ್ಸ್‌ಪೆಕ್ಟರಮ್ಮ.

ಯಜಮಾನಿ ತಲೆಯಾಡಿಸಿದಳು. "ಅಪ್ಪನಿಗೂ ಅದು ಹೊಳೀತು. ಇಬ್ಬರನ್ನೂ ಕೂರಿಸ್ಕೊಂಡು, ಇದು ನಿಮ್ಮ ಬಾಯಿಂದ ಹೊರಗೆ ಬಂದರೆ ನಮ್ಮ ಮನೆ ದೀಪ ಆರುತ್ತೆ ಅಂದ. ಮಾರನೇ ದಿನ ನಾನು ಕೈಗೆ ಬಟ್ಟೆ ಸುತ್ತಿಕೊಂಡೆ. ನನ್ನ ಅಂಚಿನ ಗಂಟು ಯಾರು ನೋಡಿದರೂ ಗುರುತು ಹಿಡೀತಾರೆ. ಆ ಗುರುತಿನ ಸೀರೆ ಲೋಕದಲ್ಲಿ ಒಂದೇ ಇರಲಿ, ಅದೂ ಪೆಟ್ಟಿಗೆಯ ತಳದಲ್ಲೇ ಕೊಳೀಲಿ ಅಂದ್ಕೊಂಡೆ. ಏನೂ ಗೊತ್ತಿಲ್ಲದ ಆ ಮೊಮ್ಮಗ, ಅಜ್ಜಿ ಆಸ್ಪತ್ರೇಲಿದ್ದಾಗ ಪೆಟ್ಟಿಗೆ ತೆಗೆದು, ನಮ್ಮ ವಂಶದ ಹಳೇ ಸೀರೆ, ಇಂಥದೇ ಇನ್ನೊಂದು ನೇಯ್ದು ಕೊಡಿ ಅಂತ ನಗ್ತಾ ತಂದ. ಬಿಚ್ಚಿ ನೋಡಿದೆವು. ಅಣ್ಣ ನನ್ನ ಮುಖ ನೋಡಿದ, ನಾನು ಅಣ್ಣನ ಮುಖ ನೋಡಿದೆ. ಅತ್ತಿಗೆ ಮುಂದೆ ನಕ್ಷೆ ಮಾತ್ರ ಇಟ್ಟು, ನಮ್ಮ ನಕಲಿಗೆ ನಾವೇ ನಕಲು ನೇಯ್ದೆವು. ಬೇಡ ಅಂದರೆ ಯಾಕೆ ಅಂತ ಕೇಳ್ತಾರಲ್ಲ."

"ಚೆನ್ನಾಗಿದೆ ಅಣ್ಣ ತಂಗಿ ನ್ಯಾಯ," ಎಂದಳು ಅತ್ತಿಗೆ. "ಇಷ್ಟು ವರ್ಷ ಒಂದೇ ತಟ್ಟೇಲಿ ಉಂಡೆ. ನಂಗೆ ಈ ಮನೆಯ ಉಪ್ಪು ಗೊತ್ತಿತ್ತು, ಗುಟ್ಟು ಗೊತ್ತಿರಲಿಲ್ಲ."

"ಅತ್ತಿಗೆ..."

"ಏಳು. ಅಳೋದು ಆಮೇಲೆ. ಠಾಣೆಗೆ ಬಂದು ಇದನ್ನೇ ಹೇಳು."

ಯಜಮಾನಿ ಕೂತಲ್ಲೇ ಇದ್ದಳು. ಇನ್ಸ್‌ಪೆಕ್ಟರಮ್ಮ ಆತುರಪಡಲಿಲ್ಲ. ತೂಕ ಹಾಕುವವರನ್ನು ನೋಡಿ ಅವಳಿಗೆ ಅಭ್ಯಾಸವಿತ್ತು. ತಕ್ಕಡಿಯ ಒಂದು ತಟ್ಟೆಯಲ್ಲಿ ದೊಡ್ಡಮನೆ, ಸತ್ತ ಅಪ್ಪನ ಮಾತು, ಹೆಸರು ಮಾಡಿದ ಶೆಡ್ಡು. ಇನ್ನೊಂದರಲ್ಲಿ ಅಣ್ಣ.

"ನಡಿ," ಎಂದಳು ಯಜಮಾನಿ. ಸೆರಗಿಗೆ ಅಂಟಿದ ನೂಲಿನ ಚೂರುಗಳನ್ನು ಕೊಡವಿ ಎದ್ದಳು. "ಮೊದಲು ಬೀಗದ ಕೈ ಕೊಡು, ಬಾಗಿಲು ಹಾಕ್ತೀನಿ."

ಚಪ್ಪಲಿ ಮೆಟ್ಟುವಾಗ ಇನ್ಸ್‌ಪೆಕ್ಟರಮ್ಮನ ಫೋನು ರಿಂಗಾಯಿತು. ಠಾಣೆಯ ರೈಟರ್.

"ಮೇಡಂ, ನಿಮಗೆ ಒಳ್ಳೇ ಸುದ್ದಿ. ನಿಮ್ಮ ನೇಕಾರನ ಕೇಸು ಮುಗೀತು. ದೂರು ವಾಪಸ್ಸು ತಗೊಂಡರು. ಸಾಹೇಬರು ಇವನನ್ನು ಬಿಟ್ಟು ಕಳಿಸಿದರು."

"ಮೊಮ್ಮಗ ಬಂದಿದ್ದನಾ?"

"ಮೊಮ್ಮಗ ಅಲ್ಲ, ಅಜ್ಜಿ. ಎರಡು ಹೆಜ್ಜೆ ಇಡೋಕಾಗಲ್ಲ, ಕುರ್ಚಿ ಸಮೇತ ಎತ್ತಿ ತಂದರು. ಎಷ್ಟು ದೊಡ್ಡ ಮನಸ್ಸು ನೋಡಿ, ಇವನನ್ನ ನಾವೇ ಮನೆಗೆ ಬಿಡ್ತೀವಿ ಅಂತ ತಮ್ಮ ಕಾರಲ್ಲೇ ಕೂರಿಸಿಕೊಂಡು ಹೋದರು."

ಅತ್ತಿಗೆ ಇನ್ಸ್‌ಪೆಕ್ಟರಮ್ಮನ ಮುಖವನ್ನೇ ನೋಡುತ್ತಿದ್ದಳು.

"ಯಾವಾಗ ಹೋದರು?"

"ಆಗಲೇ ಹೋದರಲ್ಲ. ನಾನು ಆಮೇಲೆ ಊಟ ಮುಗಿಸಿ ಬಂದೆ. ಇನ್ನೂ ತಲುಪಿಲ್ವಾ? ಠಾಣೆಯಿಂದ ನಿಮ್ಮ ಶೆಡ್ಡಿಗೆ ಎರಡು ಬೀದಿ ಅಷ್ಟೇ."

ಅತ್ತಿಗೆ ಆಗಲೇ ಬಾಗಿಲಾಚೆ ಇದ್ದಳು. ಬೀದಿ ಈ ತುದಿಯಿಂದ ಆ ತುದಿಗೆ ಖಾಲಿ. ಚಹಾದ ಲೋಟಗಳನ್ನು ಹಿಡಿದು ಗೀಟು ಒಬ್ಬನೇ ಬರುತ್ತಿದ್ದ.

"ಇನ್ನೊಂದು ವಿಷಯ ಮೇಡಂ," ಎಂದ ರೈಟರ್. "ಕಾಗದಕ್ಕೆ ಸೀರೆ ಯಾರದೋ ಅವರ ಸಹಿ ಬೇಕು ಅಂದರು ಸಾಹೇಬರು. ಅಜ್ಜಿ ಜೊತೇಲಿ ಬಂದಿದ್ದ ಹೆಂಗಸು ಕಾರಿಂದ ಇಳಿದು ಬಂದು, ಸೀರೆ ನಂದು, ನಾನು ಈ ಮನೆ ಹಿರೀ ಸೊಸೆ ಅಂತ ಹೇಳಿ ಸಹಿ ಹಾಕಿದರು."

ಅಂದು ಪೆಟ್ಟಿಗೆ ತೆಗೆದು ಸೀರೆ ತೋರಿಸಿದ ಮನೆ, ಇಂದು ಕಾರಿನಿಂದ ಸೊಸೆಯನ್ನೇ ಇಳಿಸಿ ತೋರಿಸಿತ್ತು.